ಮರಿ ಗೆಕ್ಕೊಗೆ ಯಾವ ಹುಳ, ಎಷ್ಟು ದೊಡ್ಡದು, ಎಲ್ಲಿಂದ ತರೋದು: ಹೊಸೂರು ಕಡೆಯವರಿಗೆ

ಲೆಪರ್ಡ್ ಗೆಕ್ಕೊ ಅಂದ್ರೆ ಮನೇಲಿ ಸಾಕೋ ಒಂದು ಹಲ್ಲಿ ಜಾತಿ. ಹೊಸದಾಗಿ ಅದರ ಮರಿ ತಂದವರೆಲ್ಲ ಮೊದ್ಲು ಕೇಳೋದು ಒಂದೇ, "ಯಾವ ಹುಳ ಹಾಕ್ಲಿ" ಅಂತ. ಹುಳದ ಹೆಸರು ಆಮೇಲೆ ನೋಡೋಣ. ಅದಕ್ಕಿಂತ ಮುಂಚೆ ಆ ಹುಳ ಎಷ್ಟು ಅಗಲ ಇದೆ, ನಿನ್ನೆಯಿಂದ ಏನು ತಿಂದ್ಕೊಂಡು ಬಂದಿದೆ, ಇದು ಗೊತ್ತಿರ್ಬೇಕು. ಇವೆರಡು ಸರಿ ಇದ್ರೆ ಕ್ರಿಕೆಟ್ ಅನ್ನೋ ಹುಳ ಆದ್ರೂ ನಡಿಯತ್ತೆ ರೇಷ್ಮೆ ಹುಳ ಆದ್ರೂ ನಡಿಯತ್ತೆ, ತಪ್ಪಿದ್ರೆ ಎಷ್ಟು ದುಡ್ಡು ಕೊಟ್ಟು ತಂದಿದ್ರೂ ಮರಿ ಮೈಗೆ ಹತ್ತಲ್ಲ.

ನಾನಿರೋದು ತಮಿಳುನಾಡಿನ ಹೊಸೂರಿಂದ ಕೆಲಮಂಗಲಕ್ಕೆ ಹೋಗೋ ರೋಡಲ್ಲಿ. ನನ್ನ ಮೊದಲನೇ ಮರಿ ತಂದಾಗ ಅದರ ತೂಕ ಮೂರು ಗ್ರಾಂ, ಅಂದ್ರೆ ಒಂದು ಚಿಕ್ಕ ಉಂಗುರದಷ್ಟು. ಅಂಗಡಿಯವರು ಮರಿ ಜೊತೆ ಒಂದು ಡಬ್ಬಿ ಕ್ರಿಕೆಟ್ ಕೊಟ್ಟಿದ್ರು, ಅದ್ರಲ್ಲಿ ಚಿಕ್ಕದು ದೊಡ್ಡದು ಎಲ್ಲಾ ಸೇರಿತ್ತು, ಸೈಜ್ ನೋಡಿ ಹಾಕಿ ಅಂತ ಯಾರೂ ಹೇಳ್ಲಿಲ್ಲ. ನಾನು ದೊಡ್ಡದೊಂದು ಬಿಟ್ಟೆ, ಮರಿ ಬಾಲ ಅಲ್ಲಾಡಿಸ್ಕೊಂಡು ಬಂದು ಹಿಡೀತು, ಐದು ನಿಮಿಷ ಕಷ್ಟಪಟ್ಟು ನುಂಗ್ತು, ನಂಗೂ ಖುಷಿ ಆಯ್ತು. ಬೆಳಿಗ್ಗೆ ನೋಡಿದ್ರೆ ಟಿಶ್ಯೂ ಪೇಪರ್ ಮೇಲೆ ಒದ್ದೆ ಮುದ್ದೆ, ಅದ್ರಲ್ಲಿ ಕ್ರಿಕೆಟ್‌ನ ಹಿಂಗಾಲು, ತಲೆ, ಎಲ್ಲಾ ಹಾಗ್ಹಾಗೇ ಇತ್ತು, ಒಂಚೂರೂ ಕರಗಿರ್ಲಿಲ್ಲ. ಆಮೇಲೆ ನಾಲ್ಕು ದಿನ ಆ ಮರಿ ಏನು ಕೊಟ್ರೂ ಮುಖ ತಿರುಗಿಸ್ತು. ಇಷ್ಟು ಚಿಕ್ಕ ಜೀವಕ್ಕೆ ನಾಲ್ಕು ದಿನ ಉಪವಾಸ ಅಂದ್ರೆ ಎಷ್ಟು ಅಂತ ಯೋಚ್ನೆ ಮಾಡಿ. ಅವತ್ತಿಂದ ಅಳತೆ ನೋಡದೆ ಒಂದು ಹುಳನೂ ಹಾಕಿಲ್ಲ.

ಅಳತೆ ನೋಡೋದು ಸುಲಭ. ಮರಿಯ ಎರಡು ಕಣ್ಣಿನ ಮಧ್ಯೆ ಮೇಲಿಂದ ನೋಡಿ, ಅಲ್ಲಿ ಎಷ್ಟು ಜಾಗ ಇದೆಯೋ ಹುಳದ ಅಗಲ ಅದಕ್ಕಿಂತ ಜಾಸ್ತಿ ಇರಬಾರದು. ಉದ್ದದಲ್ಲಿ ಮರಿ ತಲೆಗಿಂತ ಸ್ವಲ್ಪ ಕಮ್ಮಿ ಇದ್ರೆ ಒಳ್ಳೇದು. ರೇಷ್ಮೆ ಹುಳದ ಥರ ಮೆತ್ತಗಿರೋದಾದ್ರೆ ಉದ್ದ ಒಂಚೂರು ಜಾಸ್ತಿ ಆದ್ರೂ ತೊಂದ್ರೆ ಇಲ್ಲ, ಬಗ್ಗಿ ಒಳಗೆ ಹೋಗತ್ತೆ, ಆದ್ರೆ ಕ್ರಿಕೆಟ್‌ಗೆ, ಮೀಲ್‌ವರ್ಮ್‌ಗೆ (ಹಿಟ್ಟು, ಬೂಸಾದಲ್ಲಿ ಬೆಳೆಯೋ ದುಂಬಿಯ ಮರಿಹುಳ) ಆ ರಿಯಾಯ್ತಿ ಇಲ್ಲ, ಅವುಗಳ ಮೈ ಮೇಲಿನ ಚಿಪ್ಪು ಗಟ್ಟಿ. ಅನುಮಾನ ಬಂದ್ರೆ ಚಿಕ್ಕದನ್ನೇ ಹಾಕಿ. ಚಿಕ್ಕ ಹುಳ ನಾಲ್ಕು ತಿಂದ್ರೆ ಏನೂ ಆಗಲ್ಲ, ದೊಡ್ಡದು ಒಂದು ತಿಂದ್ರೆ ನನ್ನ ಮರಿಗೆ ಆದ ಹಾಗೆ ಆಗತ್ತೆ.

ಇನ್ನೊಂದು ವಿಷಯ, ಮೊಟ್ಟೆಯಿಂದ ಈಗಷ್ಟೇ ಬಂದ ಮರಿ ಆದ್ರೆ ಮೊದಲನೇ ಪೊರೆ ಬಿಡೋ ತನಕ, ಅಂದ್ರೆ ಸುಮಾರು ಮೂರ್ನಾಲ್ಕು ದಿನ, ಏನೂ ತಿನ್ನಲ್ಲ. ಮೊಟ್ಟೆಯೊಳಗಿನ ಹಳದಿ ಹೊಟ್ಟೇಲಿ ಉಳ್ಕೊಂಡಿರತ್ತೆ, ಅದೇ ಅದರ ಊಟ. ಆ ದಿನಗಳಲ್ಲಿ ಬಲವಂತ ಮಾಡ್ಬೇಡಿ, ಒಂದು ಮುಚ್ಚಳದಲ್ಲಿ ನೀರಿಡಿ ಸಾಕು.

ಈಗ ಹುಳಗಳ ವಿಷಯಕ್ಕೆ ಬರ್ತೀನಿ.

ಕ್ರಿಕೆಟ್ ಅಂದ್ರೆ ರಾತ್ರಿ ಹೊತ್ತು ಕಿರ್ರೋ ಅನ್ನೋ ಜೀರುಂಡೆ ಜಾತಿದೇ, ಆದ್ರೆ ಸಾಕಿ ಬೆಳೆಸಿದ್ದು. ಮರಿಗಳಿಗೆ ಇದು ಒಳ್ಳೆ ದಿನನಿತ್ಯದ ಊಟ, ಯಾಕಂದ್ರೆ ಓಡಾಡತ್ತೆ, ಓಡಾಡೋದನ್ನ ಕಂಡ್ರೇನೇ ಮರಿಗೆ ಬೇಟೆ ಆಡೋ ಮನಸ್ಸು ಬರೋದು. ಲೆಪರ್ಡ್ ಗೆಕ್ಕೊ ಮರಿಗೆ ಎರಡು ವಾರದ ಕ್ರಿಕೆಟ್, ಸುಮಾರು ಆರು ಮಿಲಿಮೀಟರ್ ಇರೋದು, ಸರಿಹೋಗತ್ತೆ. ಕ್ರೆಸ್ಟೆಡ್ ಗೆಕ್ಕೊ ಅಂತ ಇನ್ನೊಂದು ಸಾಕು ಹಲ್ಲಿ ಇದೆ, ಅದರ ಮರಿ ಇನ್ನೂ ಚಿಕ್ಕದು, ಎರಡು ಗ್ರಾಂನೂ ಇರಲ್ಲ ಕೆಲವು, ಅದಕ್ಕೆ ಮೂರು ಮಿಲಿಮೀಟರ್ ಸಾಕು, ಅದೂ ವಾರಕ್ಕೆ ಒಂದೋ ಎರಡೋ ಸಲ, ಯಾಕಂದ್ರೆ ಅದರ ಮುಖ್ಯ ಊಟ ನೀರಲ್ಲಿ ಕಲಸಿ ಕೊಡೋ ಹಣ್ಣಿನ ಪುಡಿ. ಅಂಗಡೀಲಿ ಕೇಳುವಾಗ "ಸ್ಮಾಲ್ ಕೊಡಿ" ಅಂದ್ರೆ ಅವರ ಸ್ಮಾಲ್ ಬೇರೆ ನಿಮ್ಮ ಸ್ಮಾಲ್ ಬೇರೆ, ಅದಕ್ಕೆ ಎಷ್ಟು ಮಿಲಿಮೀಟರ್ ಅಂತಾನೇ ಕೇಳಿ, ಡಬ್ಬಿ ತೆಗ್ಸಿ ಕಣ್ಣಾರೆ ನೋಡಿ. ಡಬ್ಬಿ ತಳದಲ್ಲಿ ಸತ್ತ ಹುಳ ಜಾಸ್ತಿ ಬಿದ್ದಿದ್ರೆ, ಹುಳಿ ಹುಳಿ ನಾತ ಬಂದ್ರೆ ಅದನ್ನ ತರಬೇಡಿ.

ಕ್ರಿಕೆಟ್‌ನಲ್ಲಿ ಒಂದು ಎಚ್ಚರಿಕೆ. ಮರಿ ತಿನ್ನದೆ ಉಳಿದ ಕ್ರಿಕೆಟ್‌ನ ರಾತ್ರಿ ಒಳಗೇ ಬಿಟ್ಟು ಮಲಗಬೇಡಿ, ಅದಕ್ಕೆ ಹಸಿವಾದ್ರೆ ಮಲಗಿರೋ ಮರಿನೇ ಕಚ್ಚತ್ತೆ, ಕಣ್ಣಿನ ಸುತ್ತ, ಬೆರಳ ತುದಿ, ಬಾಲ. ಹದಿನೈದು ಇಪ್ಪತ್ತು ನಿಮಿಷ ನೋಡಿ, ಉಳಿದಿದ್ದು ತೆಗೀರಿ. ಒಂದೇ ಸಲ ಹತ್ತು ಸುರಿಯೋದಕ್ಕಿಂತ ಎರಡೆರಡು ಬಿಡ್ತಾ ಹೋಗೋದು ಒಳ್ಳೇದು, ಮರಿ ಗಾಬರಿ ಆಗಲ್ಲ.

ಜಿರಳೆ ಅಂದ ತಕ್ಷಣ ಮುಖ ಸಿಂಡರಿಸ್ಬೇಡಿ. ಡೂಬಿಯಾ ಅಂತ ಒಂದು ಸಾಕು ಜಿರಳೆ ಇದೆ, ಶಬ್ದ ಮಾಡಲ್ಲ, ನಾತ ಕಮ್ಮಿ, ನುಣುಪು ಡಬ್ಬೀಲಿ ಹತ್ತೋಕೂ ಆಗಲ್ಲ. ಅದರ ಚಿಕ್ಕ ಮರಿಗಳು ಗೆಕ್ಕೊ ಮರಿಗೆ ತುಂಬಾ ಒಳ್ಳೆ ಊಟ. ಒಂದೇ ಕೊರತೆ, ಅದು ಕೆಳಗೆ ಬಿಟ್ಟ ಕೂಡ್ಲೆ ಸುಮ್ನೆ ಬಿದ್ದಿರತ್ತೆ, ಇಲ್ಲಾ ಪೇಪರ್ ಅಡಿ ಸೇರ್ಕೊಳತ್ತೆ, ಅದಕ್ಕೆ ಚಿಮುಟದಲ್ಲಿ ಹಿಡ್ದು ಮರಿ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು. ಇದನ್ನ ಓದಿ ನಮ್ಮ ಬಚ್ಚಲು ಮನೆ ಜಿರಳೆ ಹಿಡಿದು ಹಾಕೋಕೆ ಹೋಗ್ಬೇಡಿ ದಯವಿಟ್ಟು. ಅದು ಯಾರ ಮನೆ ಸ್ಪ್ರೇ ಕುಡ್ಕೊಂಡು ಬಂದಿದೆಯೋ ಗೊತ್ತಾಗಲ್ಲ.

ಮೀಲ್‌ವರ್ಮ್ ಸುಲಭ, ಗೋಧಿ ಬೂಸಾ ಹಾಕಿದ ಡಬ್ಬೀಲಿ ವಾರಗಟ್ಟಲೆ ಇರತ್ತೆ, ಅದಕ್ಕೇ ಎಲ್ರೂ ಅದನ್ನೇ ಹಾಕ್ತಾರೆ. ಮರಿಗೆ ಅದೊಂದನ್ನೇ ದಿನಾ ಹಾಕೋದು ನಂಗೆ ಸರಿ ಕಾಣಲ್ಲ. ಚಿಪ್ಪು ಜಾಸ್ತಿ, ನೀರಿನ ಅಂಶ ಕಮ್ಮಿ. ಹಾಕೋದಾದ್ರೆ ಚಿಕ್ಕದು ಆರಿಸಿ, ಅದರಲ್ಲೂ ಈಗಷ್ಟೇ ಪೊರೆ ಬಿಟ್ಟು ಹಾಲಿನ ಥರ ಬೆಳ್ಳಗಿರೋದು ಸಿಕ್ರೆ ಅದನ್ನ ಕೊಡಿ, ಅದು ಬೆಣ್ಣೆ ಹಾಗೆ ಮೆತ್ತಗಿರತ್ತೆ. ಸೂಪರ್‌ವರ್ಮ್ ಮರಿಗಳಿಗೆ ಬೇಡ, ದೊಡ್ಡದು, ಕಚ್ಚತ್ತೆ ಕೂಡ.

ವ್ಯಾಕ್ಸ್‌ವರ್ಮ್ ಅಂತ ಮಾರೋದು ಬೇರೆ ಏನಲ್ಲ, ಜೇನು ಪೆಟ್ಟಿಗೆ ಇಟ್ಟವರ ಹೊಟ್ಟೆ ಉರಿಸೋ ಅದೇ ಮೇಣದ ಹುಳ, ಎರಿ ತಿಂದು ಹಾಳು ಮಾಡತ್ತಲ್ಲ ಅದು. ಬರೀ ಕೊಬ್ಬು. ಮರಿ ಒಂದು ಸಲ ರುಚಿ ನೋಡಿದ್ರೆ ಬೇರೆ ಹುಳ ಮೂಸಿ ನೋಡಲ್ಲ, ಮಕ್ಕಳಿಗೆ ಚಾಕ್ಲೇಟ್ ಕೊಟ್ಟ ಹಾಗೆ. ಕಾಯಿಲೆ ಬಿದ್ದು ಸೊರಗಿದ ಮರಿಗೆ ಒಂದೆರಡು ಕೊಡಬಹುದು ಅಷ್ಟೇ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ ಸಿಕ್ಕಿದ್ರೆ ಒಳ್ಳೇದು, ಬಾಕಿ ಎಲ್ಲಾ ಹುಳದಲ್ಲೂ ಕ್ಯಾಲ್ಸಿಯಂಗಿಂತ ಫಾಸ್ಫರಸ್ಸೇ ಜಾಸ್ತಿ, ಇದೊಂದರಲ್ಲಿ ಮಾತ್ರ ಕ್ಯಾಲ್ಸಿಯಂ ತಾನಾಗೇ ಚೆನ್ನಾಗಿರತ್ತೆ. ಆದ್ರೆ ನಿಮ್ಮ ಮನೆ ಗೊಬ್ಬರದ ಬಕೆಟ್‌ನಲ್ಲಿ ಹುಟ್ಟಿದ್ದು ತೆಗೆದು ಹಾಕ್ಬೇಡಿ, ಅದು ಕೊಳೆತಿದ್ದು ತಿಂದು ಬೆಳೆದಿರತ್ತೆ, ಸಾಕಿದವರ ಹತ್ರ ತಗೊಳಿ.

ಇನ್ನು ನಮ್ಮ ಕಡೆಯವರ ಪುಣ್ಯ ಅಂದ್ರೆ ರೇಷ್ಮೆ ಹುಳ. ಬೇರೆ ಊರವರು ಇದನ್ನ ಆನ್‌ಲೈನ್‌ನಲ್ಲಿ ಹುಡುಕಿ ಹುಡುಕಿ ತರಿಸ್ತಾರೆ, ನಮ್ಮಲ್ಲಿ ಕೆಲಮಂಗಲ, ಡೆಂಕಣಿಕೋಟೆ, ತಳಿ ಕಡೆ ಹಿಪ್ಪುನೇರಳೆ ತೋಟಗಳಿವೆ, ಹುಳ ಸಾಕೋ ಮನೆಗಳಿವೆ. ಆಂಧ್ರದ ಹಿಂದೂಪುರ, ಮಡಕಶಿರ ಕಡೆ ಇರೋ ನಮ್ಮವರಿಗೂ ಇದೇ ಮಾತು. ರೇಷ್ಮೆ ಹುಳದಲ್ಲಿ ನೀರಿನ ಅಂಶ ಜಾಸ್ತಿ, ಕೊಬ್ಬು ಕಮ್ಮಿ, ಗಟ್ಟಿ ಚಿಪ್ಪಿಲ್ಲ, ಕಚ್ಚಲ್ಲ, ಓಡಲ್ಲ. ಊಟ ಬಿಟ್ಟ ಮರಿನೂ ಇದನ್ನ ತಿಂದಿದ್ದು ನೋಡಿದೀನಿ, ಆ ನನ್ನ ಮೂರು ಗ್ರಾಂ ಮರಿ ಐದನೇ ದಿನ ಬಾಯಿ ತೆಗೆದಿದ್ದು ರೇಷ್ಮೆ ಹುಳಕ್ಕೇನೇ.

ಪಕ್ಕದ ಊರಲ್ಲಿ ಹುಳ ಸಾಕೋ ಮಾಮ ಒಬ್ರಿದಾರೆ, ಅವತ್ತು ಅವರ ಮನೆಗೆ ಹೋಗಿ ಹಿಂಗಿಂಗೆ ಅಂತ ಹೇಳ್ದೆ. "ಹಲ್ಲಿಗೆ ರೇಷ್ಮೆ ಹುಳ ಎಷ್ಟು ಇಷ್ಟ ಅಂತ ನಂಗ್ ಹೇಳ್ತೀಯೇನಪ್ಪ, ಗೋಡೆ ಹಲ್ಲಿ ಕಾಯೋಕೇ ನಮ್ಗೆ ರಾತ್ರಿ ನಿದ್ದೆ ಇಲ್ಲ" ಅಂದ್ರು. ಆಮೇಲೆ ಸೊಪ್ಪಿನ ಮೇಲೆ ಇಟ್ಟು ಒಂದು ಹಿಡಿ ಕೊಟ್ರು. ಒಂದು ತಾಯಿ ಚಿಟ್ಟೆ ಮೊಟ್ಟೇಲಿ ನಾನೂರು ಐನೂರು ಹುಳ ಬರತ್ತೆ, ಒಂದು ಚಿಟ್ಟೆ ಇಟ್ಟಿದ್ದಷ್ಟೂ ಸೇರಿ ಅವರ ಲೆಕ್ಕದಲ್ಲಿ ಒಂದು ಮೊಟ್ಟೆ, ಅಂಥ ನೂರು ಮೊಟ್ಟೆ ಸಾಕೋರಿಗೆ ಐವತ್ತು ಹುಳ ದೊಡ್ಡದಲ್ಲ, ಆದ್ರೂ ಸುಮ್ನೆ ಕೇಳ್ಬೇಡಿ, ಅದು ಅವರ ಬೆಳೆ, ದುಡ್ಡು ಕೊಟ್ಟೇ ತಗೊಳಿ.

ಹೇಗೆ ಕೇಳ್ಬೇಕು ಅನ್ನೋದು ಮುಖ್ಯ. ಹುಳ ಸಾಕೋರ ಲೆಕ್ಕ ಮಿಲಿಮೀಟರ್‌ನಲ್ಲಿ ಇಲ್ಲ, ಜ್ವರದಲ್ಲಿ. ಹುಳ ಪೊರೆ ಬಿಡೋ ಮುಂಚೆ ಮೇವು ಬಿಟ್ಟು ತಲೆ ಎತ್ಕೊಂಡು ಅಲ್ಲಾಡದೆ ಕೂರತ್ತೆ, ಅದನ್ನ ಜ್ವರಕ್ಕೆ ಕೂತಿದೆ ಅಂತಾರೆ, ಇಡೀ ಜೀವನದಲ್ಲಿ ಇಂಥ ನಾಲ್ಕು ಜ್ವರ. ಮೊಟ್ಟೆಯಿಂದ ಬಂದಾಗ ಹುಳ ಮೂರು ಮಿಲಿಮೀಟರ್, ಕಪ್ಪಗೆ ಇರುವೆ ಥರ. ಎರಡನೇ ಜ್ವರ ಮುಗಿಯೋ ತನಕ ಚಾಕಿ ಹುಳ, ಹೆಚ್ಚಾಗಿ ಚಾಕಿ ಕೇಂದ್ರದಲ್ಲೇ ಸಾಕಿ ಆಮೇಲೆ ರೈತರಿಗೆ ಕೊಡ್ತಾರೆ. ತೀರಾ ಚಿಕ್ಕ ಗೆಕ್ಕೊ ಮರಿಗೆ ಒಂದನೇ ಜ್ವರದಿಂದ ಎದ್ದ ಹುಳ ಕೇಳಿ. ಎರಡನೇ ಜ್ವರ ದಾಟಿದ್ದು ಒಂದು ಸೆಂಟಿಮೀಟರ್ ಮೇಲೆ ಬೆಳೆದಿರತ್ತೆ, ಅದು ಒಂದೆರಡು ತಿಂಗಳ ಮರಿಗೆ ಆಗತ್ತೆ, ಅಲ್ಲೂ ಕಣ್ಣಿನ ಮಧ್ಯದ ಅಳತೆ ನೋಡ್ಕೊಂಡೇ. ನಾಲ್ಕನೇ ಜ್ವರ ಮುಗಿಸಿದ ಹುಳ ಬೆರಳಿನಷ್ಟು ದಪ್ಪ, ಅದರ ಸುದ್ದಿ ಮರಿಗೆ ಬೇಡ.

ಇಲ್ಲಿ ಒಂದು ಅಪಾಯ ಇದೆ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳಿ. ಹುಳ ಜ್ವರದಿಂದ ಎದ್ದ ಮೇಲೆ ರೋಗ ಬರದೇ ಇರ್ಲಿ ಅಂತ ಹುಳದ ಮೈ ಮೇಲೇನೇ ಸೋಂಕು ನಿವಾರಕ ಪುಡಿ ಎರಚ್ತಾರೆ, ಅದ್ರಲ್ಲಿ ಸುಣ್ಣ ಇರತ್ತೆ, ಬೇರೆ ಔಷಧಿನೂ ಇರತ್ತೆ. ಆ ಪುಡಿ ಮೆತ್ಕೊಂಡಿರೋ ಹುಳ ಗೆಕ್ಕೊಗೆ ಕೊಡೋ ಹಾಗಿಲ್ಲ. ಮಾಮನೇ ಹೇಳಿದ್ರು, "ಪುಡಿ ಹಾಕೋಕ್ ಮುಂಚೆ ಬಾ, ಹಾಕಿದ್ಮೇಲೆ ಬಂದ್ರೆ ನಾನೇ ಕೊಡಲ್ಲ" ಅಂತ. ತೋಟಕ್ಕೆ ಯಾವಾಗ ಔಷಧಿ ಹೊಡೆದಿದ್ರು ಅಂತಾನೂ ಕೇಳಿ, ಆದ್ರೆ ಆ ಸೊಪ್ಪು ತಿಂದು ಹುಳಾನೇ ಚೆನ್ನಾಗಿದೆ ಅಂದ್ರೆ ಸಾಮಾನ್ಯವಾಗಿ ಭಯ ಇಲ್ಲ, ಔಷಧಿ ಉಳಿದಿದ್ರೆ ಮೊದ್ಲು ಸಾಯೋದು ರೇಷ್ಮೆ ಹುಳ. ಹಾಲುತೊಂಡೆ ಬಂದು ಊದಿಕೊಂಡಿರೋದು, ಸಪ್ಪೆ ರೋಗದಲ್ಲಿ ಜೋತು ಬಿದ್ದಿರೋದು, ಸುಣ್ಣಕಟ್ಟಿ ಬೆಳ್ಳಗೆ ಗಟ್ಟಿ ಆಗಿರೋದು, ಇವು ಒಂದೂ ಬೇಡ, "ಹೆಂಗೂ ಬಿಸಾಕೋದೇ, ತಗೊಂಡೋಗು" ಅಂದ್ರೂ ಬೇಡ.

ಮನೆಗೆ ತಂದ ಮೇಲೆ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಬಿಟ್ರೆ ಬೇರೆ ಏನೂ ಆಗಲ್ಲ. ಎಳೆ ಎಲೆ ಒರೆಸಿ, ಸಣ್ಣಗೆ ಹೆಚ್ಚಿ ಹಾಕಿ, ಒದ್ದೆ ಎಲೆ ಹಾಕಿದ್ರೆ ರೋಗ ಗ್ಯಾರಂಟಿ. ಕೈ ತೊಳೆದು ಮುಟ್ಟಿ. ಬೇಗ ಬೆಳಿಯತ್ತೆ, ಒಂದು ವಾರ ಬಿಟ್ಟು ನೋಡಿದ್ರೆ ನಿಮ್ಮ ಮರಿ ಬಾಯಿಗೆ ದೊಡ್ಡದಾಗಿರತ್ತೆ, ಅದಕ್ಕೆ ಬೇಕಾದಷ್ಟೇ ತನ್ನಿ.

ಎರಡನೇ ವಿಷಯ, ಹುಳದ ಹೊಟ್ಟೆ. ಅಂಗಡಿಯಿಂದ ತಂದ ಕ್ರಿಕೆಟ್ ಎಷ್ಟೋ ದಿನದಿಂದ ಬರೀ ಮೊಟ್ಟೆ ಟ್ರೇ ರಟ್ಟು ಕಡ್ಕೊಂಡು ಇರತ್ತೆ. ತಂದಿದ್ದು ನೇರ ಮರಿಗೆ ಹಾಕಿದ್ರೆ ನೀವು ಹಾಕಿದ್ದು ಖಾಲಿ ಸಿಪ್ಪೆ. ಕನಿಷ್ಠ ಒಂದು ದಿನ, ಆಗೋದಾದ್ರೆ ಎರಡು ದಿನ, ಅದಕ್ಕೆ ಹೊಟ್ಟೆ ತುಂಬಾ ಒಳ್ಳೇದು ತಿನ್ನಿಸಿ. ನಾನು ಮಾಡೋದು ಹೀಗೆ, ರಾಗಿ ಹಿಟ್ಟು, ಗೋಧಿ ಬೂಸಾ ಸಮ ಸಮ, ಅದರ ಜೊತೆ ಒಣಗಿಸಿ ಪುಡಿ ಮಾಡಿದ ನುಗ್ಗೆ ಸೊಪ್ಪು, ಒಂದು ಚಿಟಿಕೆ ಕ್ಯಾಲ್ಸಿಯಂ ಪುಡಿ. ರಾಗೀಲಿ 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯದಲ್ಲಿ ಇಷ್ಟು ಬೇರೆ ಸಿಗೋದು ಕಷ್ಟ, ಆದ್ರೆ ರಾಗಿ ಒಂದರಿಂದಾನೇ ಮರಿಗೆ ಬೇಕಾದಷ್ಟು ಆಗಲ್ಲ, ಅದಕ್ಕೇ ಪುಡಿ. ನೀರಿಗೆ ತಟ್ಟೆ ಇಡ್ಬೇಡಿ, ಚಿಕ್ಕ ಕ್ರಿಕೆಟ್ ಮುಳುಗಿ ಸಾಯತ್ತೆ, ಕ್ಯಾರೆಟ್ ಚೂರು, ಸಿಹಿಗುಂಬಳ ಚೂರು ಇಡಿ, ದಿನಾ ಬದಲಾಯಿಸಿ. ಪಾಲಕ್ ಬೇಡ, ಅದರಲ್ಲಿರೋ ಆಕ್ಸಲೇಟ್ ಕ್ಯಾಲ್ಸಿಯಂನ ಹಿಡಿದಿಟ್ಕೊಳತ್ತೆ. ಮಾರ್ಕೆಟ್ ಸೊಪ್ಪು, ತರಕಾರಿ ಯಾವುದಾದ್ರೂ ನೀರಲ್ಲಿ ನೆನೆಸಿ ತೊಳೆದೇ ಹಾಕಿ.

ಆಮೇಲೆ ಮೈ ಮೇಲೆ ಪುಡಿ. ಫಾಸ್ಫರಸ್ ಇಲ್ಲದ ಸಾದಾ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತನ್ನಿ. ಒಂದು ಚಿಕ್ಕ ಪ್ಲಾಸ್ಟಿಕ್ ಕವರ್‌ಗೆ ಒಂದು ಚಿಟಿಕೆ ಪುಡಿ, ಅವತ್ತಿನ ಹುಳ ಹಾಕಿ ಮೆಲ್ಲಗೆ ಕುಲುಕಿ, ತೆಳ್ಳಗೆ ವಿಭೂತಿ ಬಳಿದ ಹಾಗೆ ಕಾಣ್ಬೇಕು, ಹಿಟ್ಟಲ್ಲಿ ಹೊರಳಿಸಿದ ಹಾಗಲ್ಲ. ಬೆಳೆಯೋ ಮರಿಗೆ ಹೆಚ್ಚುಕಮ್ಮಿ ಪ್ರತಿ ಊಟಕ್ಕೂ ಇದು ಬೇಕು. ಅದ್ರಲ್ಲಿ ವಾರಕ್ಕೆ ಎರಡು ಸಲ ವಿಟಮಿನ್ ಡಿ3 ಇರೋ ಪುಡಿ, ಒಂದು ಸಲ ಮಲ್ಟಿವಿಟಮಿನ್. ಡಿ3 ದಿನಾ ಹಾಕ್ಬೇಡಿ, ಮೈಯಲ್ಲಿ ಉಳ್ಕೊಂಡು ವಿಷ ಆಗತ್ತೆ, ಬಿಸಿಲಿನ ಥರ ಕಿರಣ ಬಿಡೋ ಯುವಿಬಿ ಲೈಟ್ ಹಾಕಿದ್ರಂತೂ ಇನ್ನೂ ಕಮ್ಮಿ ಸಾಕು. ಪುಡಿ ಹಾಕದೆ ಬೆಳೆಸಿದ ಮರಿಗೆ ಮೂಳೆ ಮೆತ್ತಗಾಗತ್ತೆ, ದವಡೆ ರಬ್ಬರ್ ಥರ, ಕಾಲು ಸೊಟ್ಟ, ನಡೆಯುವಾಗ ಹೊಟ್ಟೆ ನೆಲಕ್ಕೆ ಎಳೀತಾ ನಡುಗತ್ತೆ. ಒಂದು ಸಲ ಸೊಟ್ಟ ಆದ ಮೂಳೆ ಮತ್ತೆ ನೆಟ್ಟಗಾಗಲ್ಲ. ಅಂಥ ಒಂದು ಮರಿನ ಕೈಯಲ್ಲಿ ಹಿಡಿದು ನೋಡಿದೀನಿ, ಹುಳ ಕಂಡು ಹಿಡಿಯೋಕೆ ಹೋಗತ್ತೆ ಪಾಪ, ದವಡೆ ಮುಚ್ಚೋಕೇ ಆಗಲ್ಲ.

ಹಾಗಂತ ಎಲೆ ಅಡಿಕೆಗೆ ಹಾಕೋ ಸುಣ್ಣ ಬಳೀಬೇಡಿ! ಇದನ್ನ ಕೇಳಿದವರು ಇದಾರೆ, ಅದಕ್ಕೇ ಬರೀತಿದೀನಿ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರೋದು ನಿಜ, ಆದ್ರೆ ಅದು ಬಾಯಿ, ಗಂಟಲು ಸುಡತ್ತೆ. ಹಸುಗೆ ಕುಡಿಸೋ ಕ್ಯಾಲ್ಸಿಯಂ ಬಾಟಲಿನೂ ಬೇಡ, ಅದ್ರಲ್ಲಿ ಸಾಮಾನ್ಯವಾಗಿ ಫಾಸ್ಫರಸ್ ಸೇರಿಸಿರ್ತಾರೆ. ಪುಡಿ ಸಿಗೋ ತನಕ ಏನೂ ಇಲ್ಲ ಅಂದ್ರೆ ಕೋಳಿಮೊಟ್ಟೆ ಚಿಪ್ಪು ಚೆನ್ನಾಗಿ ಕುದಿಸಿ, ಒಳಗಿನ ಪೊರೆ ತೆಗೆದು, ಒಣಗಿಸಿ, ಮಿಕ್ಸಿಗೆ ಹಾಕಿ ಬಟ್ಟೇಲಿ ಜರಡಿ ಹಿಡಿರಿ, ಮುಖದ ಪೌಡರ್ ಅಷ್ಟು ನುಣ್ಣಗಾಗ್ಬೇಕು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ಡಿ3 ಮಾತ್ರ ಅದ್ರಲ್ಲಿ ಇರಲ್ಲ.

ಹೊರಗಿನ ಹುಳ ಹಿಡಿದು ಹಾಕ್ಬಹುದಾ ಅಂತ ಬಹಳ ಜನ ಕೇಳ್ತಾರೆ. ಹೊಸೂರು ಸುತ್ತ ಗುಲಾಬಿ, ಟೊಮೇಟೊ, ಕೋಸು ಬೆಳೆಯೋ ಜಾಗ, ಔಷಧಿ ಹೊಡೆಯದ ವಾರ ಇಲ್ಲ. ಅಂಥ ಬದು ಮೇಲಿನ ಮಿಡತೆ ನೋಡೋಕೆ ಹಸಿರಾಗಿ ಚೆನ್ನಾಗಿರತ್ತೆ, ಒಳಗೆ ಏನಿದೆ ಯಾರಿಗೆ ಗೊತ್ತು. ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತೋ ರೆಕ್ಕೆ ಗೆದ್ದಲು, ನಮ್ಮ ತಮಿಳು ಅಕ್ಕಪಕ್ಕದವರು ಈಸಲ್ ಅನ್ನೋದು, ಅದು ವಿಷ ಅಲ್ಲ, ಆದ್ರೂ ಎಲ್ಲಿಂದ ಎದ್ದಿದೆ ಗೊತ್ತಿಲ್ಲದೆ ನಾನು ಮರಿಗೆ ಹಾಕಲ್ಲ, ಮನೆ ಕಟ್ಟೋರು ತಳಪಾಯಕ್ಕೆ ಗೆದ್ದಲು ಔಷಧಿ ಹಾಕಿರ್ತಾರೆ. ಮಿಂಚುಹುಳ ಮಾತ್ರ ಯಾವತ್ತೂ, ಯಾವ ಕಾರಣಕ್ಕೂ ಬೇಡ. ಅದರ ಮೈಯಲ್ಲಿರೋ ವಿಷ ಹೃದಯಕ್ಕೇ ಹೊಡಿಯತ್ತೆ, ದೊಡ್ಡ ಹಲ್ಲಿ ಜಾತಿಗಳೇ ಒಂದು ತಿಂದು ಸತ್ತಿರೋದು ದಾಖಲಾಗಿದೆ, ಮೂರು ಗ್ರಾಂ ಮರಿ ಎಲ್ಲಿ. ಮೇ, ಜೂನ್‌ನಲ್ಲಿ ರಾತ್ರಿ ಕಿಟಕಿ ತೆಗೆದಿಟ್ರೆ ಒಳಗೆ ಬರತ್ತೆ, ಮರಿ ಇರೋ ಟ್ಯಾಂಕ್ ಮುಚ್ಚಳ ಭದ್ರ ಇರ್ಲಿ. ಕಂಬಳಿ ಹುಳನೂ ಬೇಡ. ಹುಳದ ಡಬ್ಬಿಗೆ ಇರುವೆ ಬಂದ್ರೆ ಇರುವೆ ಚಾಕ್‌ಪೀಸ್ ಎಳೀಬೇಡಿ, ಅದು ಕ್ರಿಕೆಟ್ಟನ್ನೂ ಕೊಲ್ಲತ್ತೆ, ಗೆಕ್ಕೊನೂ ಕೊಲ್ಲತ್ತೆ. ತುಪ್ಪದ ಡಬ್ಬಿಗೆ ಅಮ್ಮ ಮಾಡ್ತಾರಲ್ಲ ಹಾಗೆ ತಟ್ಟೇಲಿ ನೀರು ಹಾಕಿ ಮಧ್ಯ ಡಬ್ಬಿ ಇಡಿ.

ಎಷ್ಟು ಹಾಕ್ಬೇಕು ಅನ್ನೋದಕ್ಕೆ ಒಂದು ಕೈ ಲೆಕ್ಕ ಇದೆ, ಮರಿ ಎಷ್ಟು ಇಂಚು ಉದ್ದ ಇದೆಯೋ ಅದರ ಎರಡರಷ್ಟು ಹುಳ. ಮೂರು ಇಂಚಿನ ಮರಿಗೆ ಆರು. ದಿನಾ ಒಂದು ಸಲ, ಸಂಜೆ ಕತ್ತಲಾಗೋ ಹೊತ್ತಿಗೆ, ಅವು ಎದ್ದು ಓಡಾಡೋದೇ ಆವಾಗ. ಐದಾರು ತಿಂಗಳಾದ ಮೇಲೆ ದಿನ ಬಿಟ್ಟು ದಿನ ಸಾಕು.

ಹುಳ ಸರಿ ಇದ್ದು, ಪುಡಿ ಸರಿ ಇದ್ದು, ಆದ್ರೂ ಮರಿ ವಾಂತಿ ಮಾಡ್ತಿದೆ ಅಂದ್ರೆ ಚಳಿ ನೋಡಿ. ಹೊಸೂರು ಎತ್ತರದ ಜಾಗ, ಡಿಸೆಂಬರ್ ಜನವರಿ ರಾತ್ರಿ ನಮಗೇ ಕಂಬಳಿ ಬೇಕು. ಗೆಕ್ಕೊಗೆ ಹೊಟ್ಟೆ ಅಡಿ ಬಿಸಿ ಇದ್ರೇನೇ ತಿಂದಿದ್ದು ಕರಗೋದು, ಟ್ಯಾಂಕ್‌ನ ಒಂದು ಬದಿ ನೆಲ 31, 32 ಡಿಗ್ರಿ ಇರ್ಬೇಕು, ಟ್ಯಾಂಕ್ ಅಡಿ ಹಾಕೋ ಕರೆಂಟ್ ಹೀಟ್ ಮ್ಯಾಟ್‌ಗೆ ಬಿಸಿ ಮಿತೀಲಿಡೋ ಥರ್ಮೋಸ್ಟಾಟ್ ಇರ್ಲೇಬೇಕು, ಇಲ್ಲಾಂದ್ರೆ ಹೊಟ್ಟೆ ಸುಟ್ಟುಹೋಗತ್ತೆ. ಸಂಜೆ ಕರೆಂಟ್ ಹೋಗಿದ್ರೆ ಅವತ್ತು ಹುಳ ಹಾಕ್ಬೇಡಿ. ಆಗ್ಲೇ ಹಾಕಿಬಿಟ್ಟಿದ್ರೆ ಬಿಸಿನೀರು ಬಾಟಲಿಗೆ ಟವೆಲ್ ಸುತ್ತಿ ಒಂದು ಮೂಲೆಗಿಡಿ. ನೆಲಕ್ಕೆ ಮರಳು ಬೇಡ, ಹುಳದ ಜೊತೆ ಮರಳೂ ಹೊಟ್ಟೆಗೆ ಹೋಗಿ ಕಟ್ಕೊಳತ್ತೆ, ಟಿಶ್ಯೂ ಪೇಪರ್ ಸಾಕು, ಕಕ್ಕನೂ ಅದರ ಮೇಲೆ ಚೆನ್ನಾಗಿ ಕಾಣತ್ತೆ. ಕಂದು ಬಣ್ಣ, ಗಟ್ಟಿ, ತುದೀಲಿ ಬಿಳಿ ಚುಕ್ಕಿ ಇದ್ರೆ ಹೊಟ್ಟೆ ಚೆನ್ನಾಗಿದೆ. ನೀರು ನೀರಾಗಿದ್ರೆ, ಹುಳದ ಕಾಲು ರೆಕ್ಕೆ ಹಾಗೇ ಬರ್ತಿದ್ರೆ ಮುಂದಿನ ಊಟಕ್ಕೆ ಇನ್ನೂ ಚಿಕ್ಕ, ಇನ್ನೂ ಮೆತ್ತಗಿನ ಹುಳ.

ಭಾನುವಾರ ಭಾನುವಾರ ತೂಕ ನೋಡಿ ಒಂದು ನೋಟ್‌ಬುಕ್ಕಲ್ಲಿ ಬರೀರಿ, 0.1 ಗ್ರಾಂ ತೋರಿಸೋ ಚಿಕ್ಕ ತಕ್ಕಡಿ ಸಿಗತ್ತೆ, ಡಬ್ಬಿ ಇಟ್ಟು ಸೊನ್ನೆ ಮಾಡಿ ಮರಿ ಬಿಟ್ರೆ ಆಯ್ತು. ಪಕ್ಕದಲ್ಲೇ ಅವತ್ತು ಯಾವ ಹುಳ, ಎಷ್ಟು, ಯಾವ ಪುಡಿ ಅಂತಾನೂ ಬರೀರಿ. ಎರಡು ವಾರ ತೂಕ ಇಳಿದ್ರೆ, ಇಲ್ಲಾ ಬಾಲ ಸಣ್ಣ ಆಗ್ತಾ ಬಂದ್ರೆ ಕಾಯ್ಬೇಡಿ, ಹಲ್ಲಿ ಹಾವು ನೋಡೋ ವೆಟ್ ಡಾಕ್ಟರ್ ಹತ್ರ ಹೋಗಿ, ಆ ನೋಟ್‌ಬುಕ್ಕು, ಅವತ್ತಿನ ಹೊಸ ಕಕ್ಕ ಒಂದು ಚಿಕ್ಕ ಡಬ್ಬೀಲಿ, ಎರಡನ್ನೂ ಜೊತೆಗೆ ತಗೊಂಡು ಹೋಗಿ.